ಭೀಮಶಾ ಅವರ ಮೊಣಕಾಲಿನೊಡನೆ ಗ್ರೋನಿಂಗನ್ನಿಗೆ

ಹಾಲೆಂಡಿಗೆ ಹೋಗಿ ಬಂದವರು ಸಾಮಾನ್ಯವಾಗಿ ಹೂವಿನ ತೋಟದ ಮುಂದೆ ನಿಂತು ತೆಗೆಸಿಕೊಂಡ ಫೋಟೋ ತೋರಿಸುತ್ತಾರೆ. ನನ್ನ ಫೋನಿನಲ್ಲಿ ಇರುವುದೆಲ್ಲ ಮೊಣಕಾಲುಗಳು. ನಾನು ಹೋದಾಗ ಹೂವಿನ ಕಾಲ ಮುಗಿದಿತ್ತು. ಗಾಳಿಯಂತ್ರವನ್ನು ರೈಲಿನ ಕಿಟಕಿಯಿಂದ ಒಂದೇ ಒಂದು ಸಲ ನೋಡಿದೆ, ಅದೂ ತಿರುಗುತ್ತಿರಲಿಲ್ಲ. ಚಿತ್ತಾಪುರದಲ್ಲಿರುವ ನನ್ನ ತಂಗಿ, "ಹದಿನೈದು ದಿನ ಹೋಗಿ ಮತ್ತೇನ್ ನೋಡ್ಕೊಂಡು ಬಂದಿ ಅಕ್ಕಾ?" ಎಂದು ಕೇಳಿದಾಗ ಅವಳ ಮೇಲೆ ರೇಗಿಬಿಟ್ಟೆ. ಹೇಳುವುದು ಇತ್ತು, ಹೇಳುವ ಧೈರ್ಯ ಇರಲಿಲ್ಲ. ಅದನ್ನೇ ಈಗ ಬರೆಯುತ್ತಿದ್ದೇನೆ.

ಶಹಾಬಾದ

ನಾನು ಫಿಜಿಯೋಥೆರಪಿಸ್ಟ್. ನಮ್ಮ ಜನರ ಬಾಯಲ್ಲಿ ಮಾಲೀಸ್ ಡಾಕ್ಟರ್. ಶಹಾಬಾದದಲ್ಲಿ ಹದಿನೆಂಟು ವರ್ಷದಿಂದ ಎರಡು ಕೋಣೆಯ ಒಂದು ದವಾಖಾನೆ ಇಟ್ಟುಕೊಂಡಿದ್ದೇನೆ. ಕಲ್ಲಿನ ಗಣಿಯವರ ಸೊಂಟ, ಸಿಮೆಂಟ್ ಕಾರ್ಖಾನೆಯವರ ಹೆಗಲು, ವಾಡಿಯ ರೈಲ್ವೆಯವರ ಹಿಮ್ಮಡಿ, ಎಲ್ಲವೂ ಈ ಎರಡು ಕೋಣೆಗೆ ಬರುತ್ತವೆ.

ನಾನು ಹೋಗಿಬಂದ ವರ್ಷ ಹಾಲೆಂಡಿನ ಗ್ರೋನಿಂಗನ್ ಎಂಬ ಊರಿನ ಒಂದು ತರಬೇತಿ ಕೇಂದ್ರದವರು, ಬೇರೆ ಬೇರೆ ದೇಶದ ಸಣ್ಣ ಊರುಗಳ ಫಿಜಿಯೋಥೆರಪಿಸ್ಟರಿಗೆ ಚಲನೆ ಅಳೆಯುವ ಸೆನ್ಸರುಗಳನ್ನು ಕೊಟ್ಟಿದ್ದರು. ಬೆಂಕಿಪೊಟ್ಟಣದಷ್ಟು ಎರಡು ಡಬ್ಬಿ. ಒಂದನ್ನು ತೊಡೆಗೆ, ಇನ್ನೊಂದನ್ನು ಮೊಣಕಾಲಿನ ಕೆಳಗೆ ಪಟ್ಟಿಯಿಂದ ಕಟ್ಟಿದರೆ ಸಾಕು. ಕಾಲು ಎಷ್ಟು ಮಡಚಿತು, ಎಷ್ಟು ವೇಗವಾಗಿ ಮಡಚಿತು ಎಂಬುದು ಫೋನಿನಲ್ಲಿ ಗೆರೆಯಾಗಿ ಮೂಡುತ್ತದೆ. ಅಲ್ಲಿಯವರೆಗೆ ನಾನು ಪ್ಲಾಸ್ಟಿಕ್ ಕೋನಮಾಪಕ ಹಿಡಿದು ಅರ್ಧ ಅಳತೆ, ಅರ್ಧ ಕಣ್ಣಂದಾಜಿನಲ್ಲಿ ಕಾಲ ಹಾಕಿದವಳು. ಮೂರು ತಿಂಗಳಾದ ಮೇಲೆ ಎಲ್ಲರೂ ಒಬ್ಬೊಬ್ಬ ರೋಗಿಯ ದಾಖಲೆ ತೆಗೆದುಕೊಂಡು ಅಲ್ಲಿಗೆ ಎರಡು ವಾರದ ತರಬೇತಿಗೆ ಹೋಗಬೇಕಿತ್ತು. ನಾನು ಆರಿಸಿಕೊಂಡದ್ದು ಭೀಮಶಾ ಅವರ ಮೊಣಕಾಲು.

ಭೀಮಶಾ ಗುಂಡಗುರ್ತಿ ಎಂಬ ಹಳ್ಳಿಯವರು, ನನಗಿಂತ ಏಳೆಂಟು ವರ್ಷ ದೊಡ್ಡವರು, ಬೌದ್ಧರ ಮನೆತನ. ಪರಸಿ ಹಾಸುವುದು ಅವರ ಕೆಲಸ. ನಮ್ಮ ಶಹಾಬಾದ ಕಲ್ಲನ್ನು ನೆಲಕ್ಕೆ ಕೂಡಿಸುವವನು ಮುಂಜಾನೆಯಿಂದ ಸಂಜೆವರೆಗೆ ಕುಕ್ಕರಗಾಲಲ್ಲೇ ಕೂತು, ಕೂತಲ್ಲೇ ಹಿಂದೆ ಹಿಂದೆ ಸರಿಯುತ್ತ ಹೋಗಬೇಕು. ಹಾಗೆ ಕೂರಲು ಬರದಿದ್ದರೆ ಆ ಕಸುಬು ಮುಗಿದ ಹಾಗೆ. ತಮ್ಮೂರಿನ ಬುದ್ಧ ವಿಹಾರದ ನೆಲವನ್ನು ಅವರೇ ಹಾಸಿದ್ದರು. ಒಂದು ಸಂದಿನಲ್ಲೂ ಉಗುರು ತೂರುವುದಿಲ್ಲ ಎಂದು ಊರೇ ಹೇಳುತ್ತದೆ. ಅಂಥವರ ಮೊಣಕಾಲಿನ ಮೇಲೆ ಕಲ್ಲು ಜಾರಿ ಬಿದ್ದು ಮಂಡಿಚಿಪ್ಪು ಒಡೆಯಿತು. ಕಲಬುರಗಿಯಲ್ಲಿ ಆಪರೇಷನ್ ಮಾಡಿ ತಂತಿ ಹಾಕಿ ಬಿಗಿದಿದ್ದರು. ಮತ್ತೆ ಕುಕ್ಕರಗಾಲಲ್ಲಿ ಕೂರಿಸುವ ಜವಾಬ್ದಾರಿ ನನ್ನ ಪಾಲಿಗೆ ಬಂತು.

ಹನ್ನೆರಡು ವಾರ ನಾನು ನೆಲದ ಮೇಲೆ ಕೂತು ಅವರ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಕಾಲು ಮಡಚಿಸಿದೆ. ಇದರಲ್ಲಿ ನನಗೊಂದು ಹೆಮ್ಮೆ ಇತ್ತು, ಮುಚ್ಚಿಡುವುದಿಲ್ಲ. ಯಾರ ಕಾಲನ್ನು ಯಾರು ಹಿಡಿಯಬೇಕು ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಹಳೆಯ ಲೆಕ್ಕಗಳಿವೆ. ನಮ್ಮ ಮನೆತನದವಳೊಬ್ಬಳು ಆ ಲೆಕ್ಕ ಮುರಿದು ಎಲ್ಲರ ಕಾಲು ಹಿಡಿಯುತ್ತಾಳೆ ಎಂದು ಚಿತ್ತಾಪುರದ ಒಂದು ಕಾರ್ಯಕ್ರಮದಲ್ಲಿ ಮೈಕಿನ ಮುಂದೆ ಹೇಳಿಕೊಂಡಿದ್ದೂ ಉಂಟು. ಚಪ್ಪಾಳೆ ಬಿದ್ದಿತ್ತು.

"ತಕಲೀಫ್ ಆಗ್ಲಿಕತ್ತದೇನ್ರಿ ಅಣ್ಣೋರ?" ಎಂದು ಪ್ರತಿ ಸಲ ಕೇಳುತ್ತಿದ್ದೆ.

"ಏನಿಲ್ರಿ ಮೇಡಮ್ಮೋರ. ನಿಮ್ಮ ಕೈಗುಣ ಭಾಳ ಚೊಲೊ ಅದ."

ಗೆರೆಯೂ ಹಾಗೇ ಹೇಳುತ್ತಿತ್ತು. ಕೊನೆಯ ವಾರ ಹಿಮ್ಮಡಿ ಹೋಗಿ ಕುಂಡಿಗೆ ತಾಗಿತು. ಕೇಂದ್ರದವರ ನಿಯಮದಂತೆ ಒಂದಿಡೀ ದಿನ ಡಬ್ಬಿಗಳನ್ನು ಕಟ್ಟಿ ಮನೆಗೂ ಕಳಿಸಿದ್ದೆ. ಆ ದಿನದ ಗೆರೆಯನ್ನು ಮಾತ್ರ ತೆರೆದು ನೋಡಲಿಲ್ಲ. ಕೈಯಾರೆ ಮಡಚಿಸಿದ ಕಾಲಿನ ಬಗ್ಗೆ ಡಬ್ಬಿಯನ್ನೇನು ಕೇಳುವುದು ಎಂಬ ಸೊಕ್ಕು. ಸೇಡಂನ ಒಬ್ಬ ಮೇಸ್ತ್ರಿ, ಡಾಕ್ಟರ ಚೀಟಿ ತಂದರೆ ಕೆಲಸಕ್ಕೆ ಕರೆದುಕೊಳ್ಳುತ್ತೇನೆ ಎಂದಿದ್ದನಂತೆ. ಹೊರಡುವ ಎರಡು ದಿನ ಮೊದಲು ನಾನು ಚೀಟಿ ಬರೆದುಕೊಟ್ಟೆ: ಎಲ್ಲ ಕೆಲಸಕ್ಕೂ ಯೋಗ್ಯ.

ಅವರ ಗೆರೆಗಳನ್ನು ಪರದೇಶದಲ್ಲಿ ತೋರಿಸುತ್ತೇನೆ, ಆಗಬಹುದೇ ಎಂದು ಕೇಳಿದಾಗ ಭೀಮಶಾ ನಕ್ಕಿದ್ದರು. "ನಾ ಇನ್ನಾ ಹೈದ್ರಾಬಾದ ನೋಡಿಲ್ರಿ. ನನ್ನ ಕಾಲ ನನಕಿಂತ ಮುಂದ ಹೊಂಟದಲ್ಲ."

ಸ್ವೊಲ್ಲೆ ಜಂಕ್ಷನ್

ವಾಡಿ ಜಂಕ್ಷನ್ನಿನಲ್ಲಿ ನಿದ್ದೆಗಣ್ಣಲ್ಲಿ ಗಾಡಿ ಬದಲಿಸಿ ಬೆಳೆದವಳು ನಾನು. ಅಂಥವಳು ಸ್ವೊಲ್ಲೆ ಎಂಬ ಜಂಕ್ಷನ್ನಿನಲ್ಲಿ, ಹಾಡು ಹಗಲಲ್ಲಿ, ತಪ್ಪು ಗಾಡಿ ಹತ್ತಿದೆ. ಅಲ್ಲಿಂದ ಒಂದು ದಾರಿ ಗ್ರೋನಿಂಗನ್ನಿಗೆ, ಇನ್ನೊಂದು ಲೇವಾರ್ಡನ್ನಿಗೆ. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಒಬ್ಬರನ್ನು ಕೇಳಿದೆ. ಅವರು ಬೋರ್ಡಿನ ಕಡೆ ಕೈ ತೋರಿಸಿ, "ಅಲ್ಲಿ ಬರೆದಿದೆ" ಎಂದು ಹೊರಟುಹೋದರು. ವಾಡಿಯಲ್ಲಾದರೆ ಮೂವರು ಮೂರು ದಾರಿ ಹೇಳುತ್ತಿದ್ದರು, ನಾಲ್ಕನೆಯವನು ನನ್ನ ಚೀಲ ಎತ್ತಿಕೊಂಡು ಗಾಡಿಯಲ್ಲಿ ಇಡುತ್ತಿದ್ದ. ಅದು ತಪ್ಪು ಗಾಡಿಯೇ ಆಗಿದ್ದರೂ ಜೊತೆಗೆ ಒಬ್ಬನಾದರೂ ಇರುತ್ತಿದ್ದ.

ಗಾಡಿ ಹೊರಟ ಮೇಲೆ ಎದುರು ಕೂತಿದ್ದ ಮುದುಕಿ ನನ್ನ ಟಿಕೇಟು ನೋಡಿ ಇಂಗ್ಲಿಷಿನಲ್ಲಿ, "ನೀವು ತಪ್ಪು ಮಾಡಿದ್ದೀರಿ" ಎಂದಳು. ಅಷ್ಟೇ. "ಇರ್ಲಿ ಬಿಡ್ರಿ, ಅಲ್ಲಿಂದಾನೂ ಹೋಗ್ಲಿಕ್ಕ ಬರ್ತದ" ಎಂಬ ಸಮಾಧಾನವಿಲ್ಲ. ಆಮೇಲೆ ಲೇವಾರ್ಡನ್ನಿನಲ್ಲಿ ಇಳಿದು ಯಾವ ಗಾಡಿ ಹಿಡಿಯಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟಳು, ಅದು ಸರಿಯಾಗಿತ್ತು. ಆದರೂ ನನಗೆ ಅಳು ಬರುವಷ್ಟಾಗಿತ್ತು. ಚೀಲ ಬಿಚ್ಚಿ ನೋಡಿದರೆ, ಚಿಂಚೋಳಿ ಕಡೆಯ ಐನಾಪುರದಿಂದ ಅತ್ತೆ ಕಳಿಸಿದ್ದ ಖಡಕ್ ರೊಟ್ಟಿ ಪುಡಿ ಪುಡಿಯಾಗಿತ್ತು. ಆ ಪುಡಿಯನ್ನೇ ಶೇಂಗಾ ಹಿಂಡಿಯ ಜೊತೆ ಮುಷ್ಟಿಯಲ್ಲಿ ತಿನ್ನುತ್ತ ಗ್ರೋನಿಂಗನ್ ತಲುಪಿದೆ.

ಮೊದಲ ದಿನ

ನಮಗೆ ಕಲಿಸುವವಳು ಮರೈಕೆ. ಐವತ್ತೈದರ ಆಸುಪಾಸು, ಕೆಲಸಕ್ಕೆ ಸೈಕಲ್ಲಿನಲ್ಲಿ ಬರುವವಳು. ಮೇಡಂ ಎಂದರೆ ಹಿಂದೆ ತಿರುಗಿ ಯಾರನ್ನು ಕರೆದರೋ ಎಂದು ನೋಡುತ್ತಿದ್ದಳು. ನನ್ನ ಹೆಸರು ಶಿವಲೀಲಾ ಎಂದರೆ ಅವಳ ನಾಲಿಗೆ ಅರ್ಧಕ್ಕೇ ನಿಂತು, ಹದಿನೈದು ದಿನವೂ ನಾನು ಬರೀ ಶಿವ ಆದೆ.

ಅವಳ ರೋಗಿ ಹೆಂಕ್. ಹಸು ಸಾಕುವ ರೈತ, ಅರವತ್ತು ದಾಟಿದವನು. ಹಸುವೊಂದು ಒದ್ದು ಅವನ ಮೊಣಕಾಲು ಕೆಟ್ಟಿತ್ತು. ಅವನು ಬಂದವನೇ ತೂತು ಬಿದ್ದ ಕಾಲುಚೀಲದ ಕಾಲನ್ನು ಎತ್ತಿ ಮರೈಕೆಯ ತೊಡೆಯ ಮೇಲೆ ಇಟ್ಟ, ದಿನಪತ್ರಿಕೆ ತೆರೆದ. ಅವಳು ಮಡಚಿಸತೊಡಗಿದಳು. ಪತ್ರಿಕೆಯಿಂದ ಕಣ್ಣೆತ್ತದೆ ಅವನು, "ನೋವು. ನಿಲ್ಲಿಸು" ಎಂದ. ಅವಳು ನಿಲ್ಲಿಸಿ ಪರದೆಯ ಮೇಲಿನ ಅಂಕಿ ಬರೆದುಕೊಂಡಳು. ಮತ್ತೆ ಮಡಚಿದರೆ, "ನಿನ್ನ ಕೈ ತಣ್ಣಗಿದೆ" ಎಂದ. ಹೋಗುವಾಗ, "ಹೋದ ವಾರಕ್ಕಿಂತ ಏನೂ ಸುಧಾರಿಸಿಲ್ಲ, ಹೊಸದೇನಾದರೂ ಯೋಚಿಸು" ಎಂದು ಅವಳಿಗೇ ಹೇಳಿ ಹೋದ. ಮರೈಕೆ ತಲೆಯಾಡಿಸಿ, ಖರೆ ಎಂದು ಒಪ್ಪಿಕೊಂಡಳು.

ಆ ಸಂಜೆ ನನ್ನ ವಹಿಯಲ್ಲಿ ಬರೆದುಕೊಂಡದ್ದು ಹೀಗಿದೆ: ಈ ಜನಕ್ಕೆ ಯಂತ್ರ ಚೆನ್ನಾಗಿದೆ, ಮರ್ಯಾದೆ ಕಡಿಮೆ. ನಮ್ಮ ಭೀಮಶಾ ಅವರನ್ನು ಕರೆದುಕೊಂಡು ಬಂದು ತೋರಿಸಬೇಕು.

ನಾಲ್ಕನೆಯ ದಿನ

ನನ್ನ ಸರದಿ ಬಂತು. ಇಳಕಲ್ ಸೀರೆ ಉಟ್ಟು ಹೋಗಿದ್ದೆ. ಹನ್ನೆರಡು ವಾರದ ಗೆರೆಗಳನ್ನು ಒಂದರ ಕೆಳಗೊಂದು ತೋರಿಸಿದೆ. ಏರುತ್ತ ಏರುತ್ತ ಹೋದ ಗೆರೆ ನೋಡಿ ಉಳಿದವರು ಮೆಚ್ಚಿಕೊಂಡರು. ಮರೈಕೆ ಮಾತ್ರ ಕನ್ನಡಕ ಹಾಕಿಕೊಂಡು ಹತ್ತಿರ ಬಂದಳು.

"ಮನೆಯಲ್ಲಿನ ದಿನದ್ದು ಎಲ್ಲಿ?" ಎಂದು ಕೇಳಿದಳು.

ತೆರೆದೆ. ನಾನೂ ಆಗಲೇ ಮೊದಲು ನೋಡಿದ್ದು. ಬೆಳಗಿನಿಂದ ಸಂಜೆಯವರೆಗೆ ಆ ಗೆರೆ ಒಂದು ಸಲವೂ ಕುರ್ಚಿಯಲ್ಲಿ ಕೂತವನ ಮೊಣಕಾಲಿನಷ್ಟು ಸಹ ಮೇಲೇರಿರಲಿಲ್ಲ. ಬಹಳ ಹೊತ್ತು ಅದು ನೆಟ್ಟಗೆ ಮಲಗಿತ್ತು.

"ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರೇನೋ" ಎಂದಳು ಮರೈಕೆ.

ಅವರ ಮನೆಯಲ್ಲಿ ಕುರ್ಚಿ ಇಲ್ಲ. ಉಣ್ಣುವುದು ನೆಲದ ಮೇಲೆ, ಹರಟುವುದು ಕಟ್ಟೆಯ ಮೇಲೆ. ಹಾಗಾದರೆ ಆ ಮನುಷ್ಯ ಇಡೀ ದಿನ ನಿಂತಿದ್ದರು, ಇಲ್ಲವೇ ಕಾಲು ನೀಡಿ ಮಲಗಿದ್ದರು. ಊಟವನ್ನೂ ನಿಂತೇ ಮಾಡಿರಬೇಕು.

ಮರೈಕೆ ದವಾಖಾನೆಯ ಗೆರೆಯನ್ನು ದೊಡ್ಡದು ಮಾಡಿದಳು. ನಿಧಾನವಾಗಿ ಏರಬೇಕಾದಲ್ಲಿ ಅದು ಒಂದೇ ಏಟಿಗೆ ಗೋಡೆಯ ಹಾಗೆ ಎದ್ದು, ಅಷ್ಟೇ ಬೇಗ ಬಿದ್ದಿತ್ತು. ಪ್ರತಿ ಸಲವೂ ಹಾಗೇ. "ಇದನ್ನು ನೀನು ಮಡಚಿಸಿದ್ದಲ್ಲ, ಶಿವ. ಆತನೇ ಜಗ್ಗಿದ್ದು. ನೋವಿರುವ ಕಾಲನ್ನು ಯಾರೂ ಹೀಗೆ ಜಗ್ಗುವುದಿಲ್ಲ. ಇಲ್ಲಿ, ಈ ಕ್ಷಣದಲ್ಲಿ ಏನಾಗುತ್ತದೆ?" ಎಂದು ಗೆರೆ ಏಳುವ ಜಾಗದ ಮೇಲೆ ಬೆರಳಿಟ್ಟಳು.

ಆ ಕ್ಷಣದಲ್ಲಿ ನಾನು ಅವರ ಹಿಮ್ಮಡಿಯನ್ನು ಕೈಯಲ್ಲಿ ತೆಗೆದುಕೊಳ್ಳುತ್ತೇನೆ.

ಹೇಳುವಾಗಲೇ ನನಗೆ ತಿಳಿಯಿತು. ನನ್ನ ಕೈ ತಾಗಿದೊಡನೆ ಭೀಮಶಾ ಒಮ್ಮೆ ಕಣ್ಣು ಮುಚ್ಚುತ್ತಿದ್ದರು. ನಾನು ಅದನ್ನು ಭಕ್ತಿ ಎಂದುಕೊಂಡಿದ್ದೆ. ಮುಗಿದ ಮೇಲೆ ನನ್ನ ಕೈ ಇದ್ದ ನೆಲವನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದರು. ಅವರಿಗೆ ಬೇಕಾಗಿದ್ದುದು ಒಂದೇ, ತಮ್ಮ ಕಾಲು ನನ್ನ ಕೈಯಿಂದ ಬೇಗ ಬಿಡುಗಡೆಯಾಗುವುದು. ಪೂರ್ತಿ ಮಡಚಿದರೆ ನಾನು ಬಿಡುತ್ತೇನೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೆ ಪ್ರಾಣ ಹೋಗುವ ನೋವಿನಲ್ಲೂ ಒಂದೇ ಏಟಿಗೆ ಮಡಚಿಬಿಡುತ್ತಿದ್ದರು. ನಾನು ಅಂಕಿ ನೋಡಿ ಹಿಗ್ಗುತ್ತಿದ್ದೆ.

ಇದನ್ನು ಮರೈಕೆಗೆ ತಿಳಿಸಿ ಹೇಳಲು ನೋಡಿದೆ. ಅವಳಿಗೆ ಅರ್ಥವಾಗಲಿಲ್ಲ. "ನೋವಾದರೆ ಹೇಳಬೇಕಷ್ಟೆ" ಎಂದಳು. ಅವಳು ಹುಟ್ಟಿದ ಊರಿನಲ್ಲಿ ಅದು ಅಷ್ಟೇ ಸರಳ. ಡಬ್ಬಿಗಳನ್ನು ಕಟ್ಟಿ, ಕೈ ಮುಟ್ಟದೆ, ದೂರ ಕೂತು ಅಳೆಯಬಹುದಿತ್ತು. ಅದಕ್ಕಾಗಿಯೇ ಅವನ್ನು ಮಾಡಿದ್ದರು. ನನಗೆ ಮಾತ್ರ ಕಾಲು ಹಿಡಿಯುವ ಚಪಲ.

ಅದೇ ದಿನ, ಮಧ್ಯಾಹ್ನ

ಸೀರೆಯಲ್ಲೇ ಹೊರಗೆ ಕಾಲುವೆಯ ದಂಡೆಗೆ ಹೋಗಿ ಫೋನು ಮಾಡಿದೆ. ಭೀಮಶಾ ಅವರ ಹೆಂಡತಿ ಸಿದ್ದಮ್ಮ ಎತ್ತಿದರು. ಗಂಡ ಸೇಡಂಗೆ ಹೋಗಿ ಎರಡು ದಿನವಾಯಿತು, ಕೆಲಸ ನಡೆದಿದೆ ಎಂದರು.

"ಕಾಲ ನೋಯ್ತದಂತೇನ್ರಿ ಅವರಿಗೆ? ಖರೇ ಹೇಳ್ರಿ ಅಕ್ಕೋರ."

"ನಿಮಗ ಹ್ಯಾಂಗ ಹೇಳೋದ್ರಿ. ನಿಮ್ಮ ಕಡಿಂದ ಬಂದ ದಿನ ಅವರಿಗಿ ಅನ್ನ ಸೇರ್ತಿರ್ಲಿಲ್ಲ. ಅಂಥಾ ದೊಡ್ಡ ಮನಿ ಹೆಣ್ಣಮಗಳ ಕೈಲೆ ಕಾಲ ಹಿಡಿಸ್ಕೊಳ್ಳಿಕತ್ತೀನಿ ಅಂತ ಒಂದೇ ಸವನ ಅಂತಿದ್ರು. ರಾತ್ರಿ ನರಳ್ತಿದ್ರು. ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸ್ಕೊಂಡಾರ್ರಿ."

ಭೀಮಶಾ ಅವರಿಗೇ ಮಾಡಿದೆ. ಹಿಂದೆ ಕಲ್ಲು ಕೊಯ್ಯುವ ಯಂತ್ರದ ಸದ್ದು.

"ಆರಾಮ ಅದೀನ್ರಿ ಮೇಡಮ್ಮೋರ. ನೀವು ಊಟ ಗೀಟ ಮಾಡಿರೇನ್ರಿ ಅಲ್ಲಿ?"

"ಅಣ್ಣೋರ, ಕೆಲಸ ಬಿಡ್ರಿ. ಈಗ್ಲೇ ಬಿಡ್ರಿ. ನಾ ತಪ್ಪು ಅಳದೀನಿ. ನಿಮ್ಮ ಕಾಲ ಇನ್ನಾ ಆಗಿಲ್ಲ."

"ನೀವು ಬರದು ಕೊಟ್ಟೀರಲ್ರಿ. ನೀವು ಬರದಿದ್ದು ಸುಳ್ಳಾಗಬಾರದು. ನಾ ಸಂಭಾಳಸ್ತೀನಿ, ನೀವು ಫಿಕರ್ ಮಾಡಬ್ಯಾಡ್ರಿ."

ಬೇಡಿಕೊಂಡೆ. ಹೂಂ ಹೂಂ ಎಂದರು. ಅವರು ನನಗೆ ಯಾವತ್ತೂ ಇಲ್ಲ ಎಂದವರಲ್ಲ, ಹೀಗಾಗಿ ಆ ಹೂಂ ಎಷ್ಟರ ಮಟ್ಟಿಗೆ ಹೂಂ ಎಂದು ನನಗೆ ತಿಳಿಯಲಿಲ್ಲ. ಮೇಸ್ತ್ರಿಯ ನಂಬರ್ ಕೇಳಿದೆ, ಗೊತ್ತಿಲ್ಲ ಎಂದರು. ಕಾಲುವೆಯಲ್ಲಿ ಬಾತುಕೋಳಿಗಳಿದ್ದವು. ಸೀರೆ ನೋಡಿ ಒಬ್ಬಾಕೆ ಸೈಕಲ್ ನಿಲ್ಲಿಸಿ ಬಣ್ಣ ಚೆನ್ನಾಗಿದೆ ಎಂದು ಹೇಳಿ ಹೋದಳು.

ಹತ್ತನೆಯ ದಿನ

ಅವತ್ತು ಹೆಂಕನ ಹುಟ್ಟುಹಬ್ಬ. ನಾನು ಮಂಕಾಗಿರುವುದನ್ನು ನೋಡಿ ಮರೈಕೆ ಅಲ್ಲಿಗೆ ಕರೆದುಕೊಂಡು ಹೋದಳು. ಕೊಟ್ಟಿಗೆಯ ವಾಸನೆ ಮೂಗಿಗೆ ಬಡಿದಾಗ ಹತ್ತು ದಿನದಲ್ಲಿ ಮೊದಲ ಸಲ ನಮ್ಮೂರು ಹತ್ತಿರ ಬಂದಂತಾಯಿತು.

ಅವರ ಪದ್ಧತಿ ವಿಚಿತ್ರ. ಕುರ್ಚಿಗಳನ್ನು ದುಂಡಗೆ ಹಾಕಿ ಎಲ್ಲರೂ ಕೂರುತ್ತಾರೆ. ಕಾಫಿಯ ಜೊತೆ ಒಂದೇ ತುಂಡು ಕೇಕು. ಎರಡನೆಯದನ್ನು ತಗೊಳ್ಳಿ ಎಂದು ಯಾರೂ ಗಂಟು ಬೀಳುವುದಿಲ್ಲ. ಬಂದವರು ಹುಟ್ಟುಹಬ್ಬದವನಿಗಷ್ಟೇ ಅಲ್ಲ, ಅಲ್ಲಿ ಕೂತ ಒಬ್ಬೊಬ್ಬರ ಕೈ ಕುಲುಕಿ ಅಭಿನಂದನೆ ಹೇಳುತ್ತಾರೆ. ಅಣ್ಣನಿಗೆ ವಯಸ್ಸಾದದ್ದಕ್ಕೆ ತಮ್ಮನಿಗೂ, ಪಕ್ಕದ ಮನೆಯವನಿಗೂ, ನನಗೂ.

ಅಲ್ಲಿ ಕೂತಾಗ ಸಿದ್ದಮ್ಮನ ಫೋನು ಬಂತು.

"ಕಾಲ ಮತ್ತ ಹೋಯ್ತರಿ ಮೇಡಮ್ಮೋರ."

ಕುಕ್ಕರಗಾಲಲ್ಲಿ ಕೂತು ಕಲ್ಲು ಕೂಡಿಸಿ, ಮೇಲೇಳುವಾಗ ಒಳಗೆ ಏನೋ ಮುರಿದ ಸದ್ದಾಯಿತಂತೆ. ಪಕ್ಕದಲ್ಲಿದ್ದವರಿಗೂ ಕೇಳಿಸಿತಂತೆ. ತಂತಿ ಹರಿದು ಚಿಪ್ಪು ಮತ್ತೆ ಎರಡಾಗಿತ್ತು. ಕಲಬುರಗಿಗೆ ಒಯ್ದಿದ್ದರು.

"ನಿಮಗ ಹೇಳು ಅಂದಾರ್ರಿ ಅವರು," ಸಿದ್ದಮ್ಮ ಅಳುತ್ತಿರಲಿಲ್ಲ, ಪಾಠ ಒಪ್ಪಿಸುವ ಹಾಗೆ ಹೇಳುತ್ತಿದ್ದರು. "ಮೇಡಮ್ಮೋರ ತಪ್ಪಲ್ಲ, ನಾನೇ ವಜ್ಜಿ ಜಾಸ್ತಿ ಎತ್ತೀನಿ ಅಂತ ಹೇಳು ಅಂದಾರ."

ಫೋನಿಟ್ಟು ತಲೆ ಎತ್ತಿದರೆ ಎದುರಿಗೆ ಹೊಸದಾಗಿ ಬಂದ ಒಬ್ಬ ಎತ್ತರದ ಮನುಷ್ಯ ಕೈ ಚಾಚಿ ನಿಂತಿದ್ದ. "ಅಭಿನಂದನೆಗಳು" ಎಂದ. ನಾನು ಎದ್ದು ಕೈ ಕುಲುಕಿದೆ. ಆಮೇಲೆ ಅಳು ಬಂತು, ತಡೆಯಲಾಗಲಿಲ್ಲ. ಹೆಂಕ್ ಕುಂಟುತ್ತ ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಏನಾಯಿತೆಂದು ಕೇಳಿದ, ಹೇಳಿದೆ. ಅವನು, "ಅದು ನಿಮ್ಮ ತಪ್ಪೇ" ಎಂದ. ಆಮೇಲೆ ಒಳಗೆ ಹೋಗಿ ನನಗೊಂದು ಲೋಟ ನೀರು ತಂದುಕೊಟ್ಟ. ಆ ಹದಿನೈದು ದಿನದಲ್ಲಿ ನನಗೆ ಹಿತವೆನಿಸಿದ ಮಾತು ಅದೊಂದೇ.

ಗುಂಡಗುರ್ತಿ

ಎರಡನೆಯ ಆಪರೇಷನ್ ಮಾಡಿದ ಡಾಕ್ಟರು ನನಗೆ ಸ್ಪಷ್ಟವಾಗಿ ಹೇಳಿದ್ದರು: ನಡೆಯಬಹುದು, ಕುರ್ಚಿಯಲ್ಲಿ ಕೂರಬಹುದು, ನೆಲಕ್ಕೆ ಕೂರುವ ಆಸೆ ಬಿಡಬೇಕು. ಅದನ್ನು ಮನೆಯವರಿಗೆ ತಿಳಿಸುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಮರಳಿ ಬಂದು ಎರಡು ತಿಂಗಳಾದ ಮೇಲೆ, ಕಾಲು ಮಡಚಲು ಅನುಮತಿ ಸಿಕ್ಕಾಗ, ಡಬ್ಬಿಗಳನ್ನು ತೆಗೆದುಕೊಂಡು ಅವರ ಮನೆಗೆ ಹೋದೆ.

ಭೀಮಶಾ ಬಾಗಿಲ ಹತ್ತಿರ ಕೋಲು ಹಿಡಿದು ನಿಂತಿದ್ದರು. ನನಗಾಗಿ ಯಾರದೋ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿದ್ದರು. ನಾನು ಕಾಲು ಮುಟ್ಟಲಿಲ್ಲ. ಪಟ್ಟಿಗಳನ್ನು ಹೇಗೆ ಕಟ್ಟಬೇಕೆಂದು ದೂರದಿಂದ ಹೇಳಿದೆ, ಸಿದ್ದಮ್ಮ ಕಟ್ಟಿದರು.

"ಇನ್ನ ಕುಕ್ಕರಗಾಲಿಲೆ ಕುಂದ್ರಲಿಕ್ಕ ಬರಾಂಗಿಲ್ಲೇನ್ರಿ ಮೇಡಮ್ಮೋರ?" ಅವರೇ ಕೇಳಿದರು.

"ಬರಾಂಗಿಲ್ರಿ ಅಣ್ಣೋರ."

ತಲೆಯಾಡಿಸಿದರು. ಕೋಲಿನ ತುದಿಯಿಂದ ನೆಲದ ಕಲ್ಲಿನ ಸಂದನ್ನು ಒಂದೆರಡು ಸಲ ಕೆದಕಿದರು. ತಪ್ಪು ನನ್ನದು ಎಂದೆ. ಅಂಥ ಮಾತು ಆಡಬ್ಯಾಡ್ರಿ ಎಂದು ಎರಡೂ ಕೈ ಜೋಡಿಸಿದರು, ಕೋಲು ಬಿತ್ತು.

"ಬ್ಯಾನಿ ಆಗೋ ತನಕ ಅಷ್ಟೇ ಮಡಚ್ರಿ. ಆದ ಕೂಡ್ಲೆ ನಿಂದರಸ್ರಿ," ಎಂದೆ. ಅವರು ಗೋಡೆ ಹಿಡಿದು ನಿಂತಲ್ಲೇ ಕಾಲು ಮಡಚತೊಡಗಿದರು. ಕಣ್ಣು ಮೊಣಕಾಲಿನ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ಇಷ್ಟು ಸಾಕೇ, ಇನ್ನೂ ಬೇಕೇ ಎಂದು ನನ್ನ ಹುಬ್ಬು ನೋಡಿ ಅಳೆಯುತ್ತಿದ್ದರು. ಗೆರೆ ಮತ್ತೆ ಒಂದೇ ಏಟಿಗೆ ಎದ್ದಿತು.

"ಬಿಡ್ರಿ, ಬಿಡ್ರಿ. ಕುರ್ಚಿ ಮ್ಯಾಲ ಕುಂದ್ರಿ" ಎಂದೆ.

"ನಿಮ್ಮ ಮುಂದ ನಾ ಹ್ಯಾಂಗ ಕುರ್ಚಿ ಮ್ಯಾಲ ಕುಂದ್ರಲಿ? ನೀವು ಕುಂದ್ರಿ."

ನಾನು ನೆಲದ ಮೇಲೆ ಕೂತರೆ ಅವರು ಇನ್ನೂ ಸಂಕೋಚಪಡುತ್ತಾರೆ, ಕುರ್ಚಿಯಲ್ಲಿ ಕೂತರೆ ಅವರು ನಿಂತೇ ಇರುತ್ತಾರೆ. ಫೋನು ಮಾತಾಡುವುದಿದೆ ಎಂದು ಸುಳ್ಳು ಹೇಳಿ ಹೊರಗೆ ಬಂದೆ.

ಅಂಗಳದ ಬೇವಿನ ಗಿಡದ ಕೆಳಗೆ ನಿಂತು ಫೋನು ನೋಡಿದೆ. ಸ್ವಲ್ಪ ಹೊತ್ತು ಗೆರೆ ನೆಟ್ಟಗೆ ಹರಿಯಿತು; ಅವರಿನ್ನೂ ನಿಂತಿದ್ದರು. ಆಮೇಲೆ ಏರತೊಡಗಿತು. ಹತ್ತು ಡಿಗ್ರಿ, ಇಪ್ಪತ್ತೈದು, ನಲವತ್ತು. ಅವಸರವಿಲ್ಲದೆ, ನಡುವೆ ಎರಡು ಸಲ ನಿಂತು ಮತ್ತೆ ಏರಿತು. ಐವತ್ತೆಂಟಕ್ಕೆ ಬಂದು ಅಲ್ಲೇ ಉಳಿಯಿತು. ಒಳಗೆ ಕುರ್ಚಿ ಕಿರುಗುಟ್ಟಿತು. ಭೀಮಶಾ ಅವರ ದನಿ ಕೇಳಿತು, ಹೆಂಡತಿಗೆ ಹೇಳುತ್ತಿದ್ದರು: "ಭಾಳ ಬ್ಯಾನಿ ಅದ ಸಿದ್ದಿ. ಮೊದಲಿನಿಂದ್ಲೂ ಭಾಳ ಬ್ಯಾನಿ ಅದ."

ಹನ್ನೆರಡು ವಾರ ಅವರ ಕಾಲು ಹಿಡಿದು ನಾನು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಅದು. ನನಗೆ ಕೇಳಿಸಿತೆಂದು ಅವರಿಗೆ ಗೊತ್ತಾಗಬಾರದೆಂದು ಅಂಗಳ ದಾಟಿ ರಸ್ತೆಯವರೆಗೆ ಹೋಗಿ ನಿಂತೆ.